ಕರೆಂಟ್ ಹೋದರೆ ನನ್ನ ಮಾತೂ ಹೋಗುತ್ತದೆ, ನೀವೆಲ್ಲ ಏನು ಮಾಡ್ತೀರಿ?

ತುಂಗೆ ದಂಡೆಯವಳು (ತೀರ್ಥಹಳ್ಳಿ ಹತ್ತಿರ):
ನನಗೆ 29 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು, ಬಾಯಿ ಹಿಡಿತಕ್ಕೆ ಸಿಗದ ಸ್ಥಿತಿ). ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತು ಬರುವುದಿಲ್ಲ. ಬಲಗೈ ಗೆಣ್ಣಿನಿಂದ ಫೋನಿನಲ್ಲಿ ಟೈಪ್ ಮಾಡುತ್ತೇನೆ, ಗೂಗಲ್‌ನ ಕನ್ನಡ ಧ್ವನಿ ಓದುತ್ತದೆ. "ಬತ್ತೀನಿ" ಅಂತ ನಮ್ಮನೆ ಮಾತಲ್ಲೇ ಬರೆದರೂ ಓದುತ್ತದೆ, ಅದು ನನಗೆ ಬಹಳ ಇಷ್ಟ.

ಈ ಸಲ ಪುಷ್ಯ ಮಳೆಗೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಪವರ್ ಬ್ಯಾಂಕ್ ಎರಡನೇ ದಿನವೇ ಖಾಲಿ. ಮೂರನೇ ದಿನ ಜ್ವರ, ಬಲಸೊಂಟದ ಹತ್ತಿರ ನೋವು. ಡಾಕ್ಟರು ನನ್ನ ಮುಖವನ್ನೇ ನೋಡದೆ ಅಮ್ಮನನ್ನು ಕೇಳಿದರು. ಅಮ್ಮ "ಹೊಟ್ಟೆನೋವು ಅನ್ಸುತ್ತೆ" ಅಂದರು. ಕೈ ಹಿಂದಕ್ಕೆ ಒಯ್ದು ತೋರಿಸೋಣ ಅಂದರೆ ಅವತ್ತು ಮೈ ಪೂರಾ ಬಿಗಿದಿತ್ತು. ಹೊಟ್ಟೆಯ ಮಾತ್ರೆ ಕೊಟ್ಟು ಕಳಿಸಿದರು. ಕರೆಂಟ್ ಬಂದು ನಾನು ಟೈಪ್ ಮಾಡಿ ಹೇಳಿದ ಮೇಲೆಯೇ ಪರೀಕ್ಷೆ ಆಗಿ ಮೂತ್ರದ ಸೋಂಕು ಅಂತ ಗೊತ್ತಾದದ್ದು. ಅಮ್ಮನ ಮೇಲೆ ಸಿಟ್ಟಿಲ್ಲ. ಆದರೆ ಇನ್ನೊಂದು ಸಲ ಹಾಗಾಗಬಾರದು.

ಸಾಗರದ ತಮ್ಮ:
ಅಕ್ಕಾ, ನಮ್ಮಣ್ಣನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಸ್ನಾಯು ಆಡಿಸುವ ನರಗಳು ಬರಬರುತ್ತಾ ಸೋಲುವ ರೋಗ. ನಮ್ಮಲ್ಲಿ ಬ್ಯಾಟರಿ ಬೇಡದ ಅಕ್ಷರ ಬೋರ್ಡ್ ಇದೆ. ನಮ್ಮ ವರ್ಣಮಾಲೆ ಮೊದಲೇ ಸಾಲು ಸಾಲಾಗಿದೆಯಲ್ಲ, ಅದೇ ಅನುಕೂಲ. ನಾನು "ಸ್ವರವಾ? ಕ ಸಾಲಾ? ಚ ಸಾಲಾ?" ಅಂತ ಕೇಳುತ್ತಾ ಹೋಗುತ್ತೇನೆ, ಅಣ್ಣ ಕಣ್ಣು ಮೇಲೆತ್ತಿದ ಕಡೆ ನಿಲ್ಲಿಸಿ ಆ ಸಾಲಿನ ಒಂದೊಂದೇ ಅಕ್ಷರ ಹೇಳುತ್ತೇನೆ. ಮನೆಮಾತಲ್ಲಿ ಖ, ಘ, ಝ, ಢ ಬರುವುದೇ ಅಪರೂಪ, ತೆಗೆದುಬಿಟ್ಟೆವು. ಕಾಗುಣಿತ, ಒತ್ತು ಕೂಡ ಕೇಳುವುದಿಲ್ಲ, ಸ, ಟ ಬಂದರೆ "ಸೊಂಟವಾ?" ಅಂತ ಊಹಿಸುತ್ತೇನೆ. ಊಹೆ ತಪ್ಪಿದರೆ ಮಾತ್ರ ಕಾಗುಣಿತ. ಲ್ಯಾಮಿನೇಷನ್ ಮಾಡಿಸಿ ಮಾರಾಯ್ರೆ, ನಮ್ಮ ಮಳೆಗಾಲದ ಶೀತಕ್ಕೆ ಬರೀ ಕಾಗದ ಬೂಷ್ಟು ಹಿಡಿಯುತ್ತದೆ.

ಹೊಸನಗರದ ಅಮ್ಮ:
ಮಗನಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದ್ದೆವು. ಅವನ ಬೋರ್ಡಿನಲ್ಲಿ ಬೇಕು, ಬೇಡ, ಸಾಕು, ಯಾಕೆ ಜೊತೆಗೆ "ನಿಮ್ಮ ಊಹೆ ತಪ್ಪು, ಮೊದಲಿಂದ ಕೇಳಿ" ಅಂತ ಒಂದು ಚೌಕ ಇದೆ. ಅವನು ಹೆಚ್ಚು ಮುಟ್ಟುವುದು ಅದನ್ನೇ. ನೀವು ಮೈಯ ಚಿತ್ರವನ್ನೂ ಹಾಕಿಸಿ ಮಗಳೇ, ಮುಂದಿನದು, ಬೆನ್ನಿನ ಕಡೆಯದು ಎರಡೂ. ಬೋರ್ಡಿನ ಹಿಂದೆ ದೊಡ್ಡದಾಗಿ ಬರೆಸಿ: "ಉತ್ತರ ನಾನೇ ಹೇಳುತ್ತೇನೆ. ನನ್ನನ್ನೇ ಕೇಳಿ, ಕಾಯಿರಿ." 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಂವಹನ ಅಂದರೆ ಏನು ಅಂತ ಹೇಳುವಾಗ ಇಂಥ ಬದಲಿ ವಿಧಾನಗಳನ್ನೂ ಸೇರಿಸಿದ್ದಾರೆ. ಯಾರ ದಾಕ್ಷಿಣ್ಯವೂ ಬೇಕಿಲ್ಲ.

ತುಂಗೆ ದಂಡೆಯವಳು:
ಬೋರ್ಡ್ ಬಂದು ಹತ್ತು ದಿನ ಆಯಿತು. ಮೈ ಸಡಿಲವಿದ್ದ ದಿನ ಗೆಣ್ಣಿನಿಂದ ಮುಟ್ಟುತ್ತೇನೆ, ಬಿಗಿದ ದಿನ ಅಮ್ಮ ಸಾಲು ಹೇಳುತ್ತಾರೆ. ನಿನ್ನೆ ಕ, ಳ ಬಂದದ್ದೇ ಅಮ್ಮ "ಕಾಳಾ?" ಅಂದರು. ನಾನು ತಪ್ಪು ಅಂದೆ. ಮುಂದೆ ಲ ಬಂತು. ಇವತ್ತು ಕಳಲೆ ಪಲ್ಯ ಆಗಿದೆ. ಒಂದೇ ತೊಡಕು: ಕತ್ತಲಲ್ಲಿ ನಾನು ಕಣ್ಣೆತ್ತಿದ್ದು ಅಮ್ಮನಿಗೆ ಕಾಣುವುದಿಲ್ಲ, ಟಾರ್ಚ್ ಬಿಟ್ಟರೆ ನನಗೆ ಕಣ್ಣು ಕುಕ್ಕುತ್ತದೆ.

ಸಾಗರದ ತಮ್ಮ:
ಅಣ್ಣ ರಾತ್ರಿ ಬೆರಳಿಂದ ಮಂಚ ತಟ್ಟುತ್ತಾನೆ. ಒಂದು ಸಲ ತಟ್ಟಿದರೆ "ಹೌದು", ಎರಡು ಸಲ ತಟ್ಟಿದರೆ "ಅಲ್ಲ". ಮಳೆ ಜೋರಿದ್ದರೆ ಅವನ ಕೈ ಕೆಳಗೆ ನನ್ನ ಕೈ ಇಟ್ಟುಕೊಳ್ಳುತ್ತೇನೆ.