ಸಹಾಯ ಬೇಕು: ಸಿಪಿಪಿ ನನ್ನ ಫೋರ್ಟ್ರಾನ್ ಸಾಲನ್ನೇ ನುಂಗ್ತಿದೆ

ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಸಮುದ್ರ ಮಾಡೆಲ್ ಅನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಫೋರ್ಟ್ರಾನ್ (ಫೋರ್ಟ್ರಾನ್ ಭಾಷೆಯ ಕಂಪೈಲರ್) ಆವೃತ್ತಿ 13ರಲ್ಲಿ ಬಿಲ್ಡ್ ಮಾಡಲು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲು 'ರ‍್ಯಾಂಕ್ ಮಿಸ್‌ಮ್ಯಾಚ್' ಎರರ್ (ಕೊಟ್ಟ ಅರೇಯ ಆಯಾಮ ಹೊಂದುತ್ತಿಲ್ಲ ಅಂತ) ಬಂತು. ಆವೃತ್ತಿ 10ರಿಂದ ಇದು ಎರರ್ ಆಗಿದೆಯಲ್ವಾ, ಆರ್ಗ್ಯುಮೆಂಟ್ ಮಿಸ್‌ಮ್ಯಾಚ್ ಬಿಟ್ಟುಬಿಡು ಅನ್ನೋ ಫ್ಲ್ಯಾಗ್ ಹಾಕಿದೆ, ಮುಗಿಯಿತು.

ನಿಜವಾದ ತಲೆನೋವು, ಕಂಪೈಲ್‌ಗೆ ಮೊದಲು ಕೋಡ್ ತಿದ್ದಿಕೊಡುವ ಪ್ರಿಪ್ರೊಸೆಸರ್‌ದು. ಮೇಕ್‌ಫೈಲ್ ಮೊದಲು ಸಿಪಿಪಿ (ಸಿ ಭಾಷೆಯ ಪ್ರಿಪ್ರೊಸೆಸರ್) ಓಡಿಸಿ, ಬಂದ ಫೈಲನ್ನು ಕಂಪೈಲ್ ಮಾಡುತ್ತದೆ. 412ನೇ ಸಾಲಿನಲ್ಲಿ 'ಸಿಂಟ್ಯಾಕ್ಸ್ ಎರರ್ ಇನ್ ಆರ್ಗ್ಯುಮೆಂಟ್ ಲಿಸ್ಟ್' ಅಂತ ಬೈಯಿತು. ಫೈಲ್ ತೆರೆದು ನೋಡಿದರೆ ಸಾಲು ಅರ್ಧಕ್ಕೇ ನಿಂತಿದೆ! ಎರಡು ಸ್ಟ್ರಿಂಗ್ ಜೋಡಿಸುವ ಜೋಡಿ ಸ್ಲ್ಯಾಶ್ ಇತ್ತಲ್ಲ, ಅದನ್ನು ಸಿ ಭಾಷೆಯ ಕಾಮೆಂಟ್ ಅಂದುಕೊಂಡು ಮುಂದಿನದ್ದನ್ನೆಲ್ಲ, ಮುಚ್ಚುವ ಬ್ರ್ಯಾಕೆಟ್ ಸಮೇತ, ತೆಗೆದುಹಾಕಿದೆ.

ಕಾಮೆಂಟ್ ಉಳಿಸುವ ದೊಡ್ಡಕ್ಷರದ ಸಿ ಆಪ್ಷನ್ ಕೊಟ್ಟೆ. ಸಾಲು ಉಳಿಯಿತು, ಆದರೆ ಸ್ಲ್ಯಾಶ್ ಆದಮೇಲಿನ ಮ್ಯಾಕ್ರೋಗಳು (ಸಿಪಿಪಿ ಬೇರೆ ಕೋಡ್‌ಗೆ ಬದಲಿಸಬೇಕಾದ ಹೆಸರುಗಳು) ಬಿಚ್ಚಿಕೊಳ್ಳಲಿಲ್ಲ. ಜೊತೆಗೆ ಫೈಲ್ ತಲೆಯ ಮೇಲೆ ಸಿ ಭಾಷೆಯ ಲೈಬ್ರರಿಯಾದ ಜಿಲಿಬ್‌ಸಿಯ ಕಾಪಿರೈಟ್ ಬರಹ ಬಂದು ಕೂತಿತು. ನಗಬೇಕೋ ಅಳಬೇಕೋ.

ಸಿಪಿಪಿಯನ್ನು ಹಳೆಯ ಸಿ ರೀತಿಯಲ್ಲಿ ಓಡಿಸುವ ಟ್ರೆಡಿಷನಲ್ ಮೋಡ್ ಹಾಕಿದರೆ ಸ್ಲ್ಯಾಶ್ ಸಮಸ್ಯೆ ಪೂರ್ತಿ ಹೋಗುತ್ತದೆ. ಆದರೆ ಹೆಸರು ಅಂಟಿಸಲು ಮ್ಯಾಕ್ರೋಗಳಲ್ಲಿ ಜೋಡಿ ಹ್ಯಾಶ್ ಬಳಸಿದ್ದಾರೆ. ಅದು ಈ ಮೋಡ್‌ನಲ್ಲಿ ಹಾಗೇ ಉಳಿದು ಕಂಪೈಲರ್ ಮತ್ತೆ ಜಗಳ ತೆಗೆಯುತ್ತದೆ. ಬರೆದವರು ಲ್ಯಾಬ್ ಬಿಟ್ಟು ಹೋಗಿ ವರ್ಷಗಳಾಗಿವೆ, ಹೇಗೆ ಓಡಿಸುತ್ತಿದ್ದರೋ.

ಇಂಥ ಮ್ಯಾಕ್ರೋ ಸುಮಾರು 40 ಕಡೆ ಇವೆ. ಟ್ರೆಡಿಷನಲ್ ಮೋಡ್‌ನಲ್ಲೇ ಇದ್ದುಕೊಂಡು ಎರಡು ಹೆಸರು ಅಂಟಿಸಲು ಜೋಡಿ ಹ್ಯಾಶ್ ಬದಲು ಏನು ಬರೆಯಬೇಕು? ಮಧ್ಯೆ ಖಾಲಿ ಕಾಮೆಂಟ್ ಇಟ್ಟರೆ ಸಾಕೇ? ಮಾಡಿ ನೋಡಿದವರು ಒಂದು ಸಾಲಿನ ಉದಾಹರಣೆ ಹಾಕ್ತೀರಾ?