ಪ್ರಶ್ನೋತ್ತರ: ಹನ್ನೆರಡು ಲಕ್ಷ ಕೊಡುವ ದಾನಿ ಸಿಕ್ಕಿದ್ದಾರೆ, ಆಂಬ್ಯುಲೆನ್ಸ್ ಕೊಳ್ಳೋಣವೇ?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ): ಡಾಕ್ಟರೇ, ನಮಸ್ಕಾರ. ಮೊದಲ ಸಲ ಪಂಚಾಯಿತಿಗೆ ಆರಿಸಿ ಬಂದಿದ್ದೇನೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಮೂರು ಪಂಚಾಯಿತಿಗಳ ಊರುಗಳು ಬರುತ್ತವೆ, ಜನಸಂಖ್ಯೆ ಸುಮಾರು 24 ಸಾವಿರ. ಇರುವುದು ಒಬ್ಬ ವೈದ್ಯರು, ಒಬ್ಬ ನರ್ಸ್. ಸಂಜೆ ನಾಲ್ಕೂವರೆಯ ನಂತರ ಬೀಗ. ಹೆರಿಗೆ ಕೋಣೆಯಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ನಮ್ಮೂರಿನಿಂದ ಹೋಗಿ ಉದ್ಯಮಿಯಾದವರೊಬ್ಬರು 12 ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಅವರ ತಂದೆಯ ಹೆಸರಿನಲ್ಲಿ ಆಂಬ್ಯುಲೆನ್ಸ್ ಕೊಳ್ಳಬೇಕಂತೆ. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೇಕೋ ಅನುಮಾನ. ಆರೋಗ್ಯಕ್ಕೆಂದು ಬೇರೆ ಯಾವ ಹಣ ಬರುತ್ತದೆ ಎಂದು ಪಿಡಿಒ ಅವರನ್ನು ಕೇಳಿದರೆ ‘ಅದು ಆರೋಗ್ಯ ಇಲಾಖೆಯ ವಿಷಯ’ ಎನ್ನುತ್ತಾರೆ. ವೈದ್ಯರನ್ನು ಕೇಳಿದರೆ ‘ಅನುದಾನ ಬಂದಿಲ್ಲ’ ಎನ್ನುತ್ತಾರೆ. ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ (ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿ): ಅಮ್ಮಾ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆಂಬ್ಯುಲೆನ್ಸ್ ಕೊಳ್ಳುವುದು ಸುಲಭ, ಓಡಿಸುವುದು ಕಷ್ಟ. ವಾರಕ್ಕೆ 168 ಗಂಟೆ. ಒಬ್ಬ ಚಾಲಕ ದುಡಿಯುವುದು 48 ಗಂಟೆ. ಅಂದರೆ ಮೂರೂವರೆ ಚಾಲಕರು, ರಜೆ ಸೇರಿಸಿದರೆ ನಾಲ್ವರು. ರೋಗಿಯ ಪಕ್ಕ ಕೂರಲು ತರಬೇತಿ ಪಡೆದವರು ಇನ್ನೂ ನಾಲ್ವರು. ಡೀಸೆಲ್, ಟಯರ್, ವಿಮೆ, ಆಮ್ಲಜನಕ ಬೇರೆ. ದಾನಿಯ ಹಣ ಮೊದಲ ದಿನವೇ ಮುಗಿಯುತ್ತದೆ, ಎಂಟು ಸಂಬಳ ಪ್ರತಿ ತಿಂಗಳೂ ಬಂದು ಬಾಗಿಲು ತಟ್ಟುತ್ತದೆ. ದಾನದ ಆಂಬ್ಯುಲೆನ್ಸಿನ ಚಕ್ರಕ್ಕೆ ಬಳ್ಳಿ ಹಬ್ಬಿದ್ದನ್ನು ಒಂದಕ್ಕಿಂತ ಹೆಚ್ಚು ಆಸ್ಪತ್ರೆಯ ಅಂಗಳದಲ್ಲಿ ನೋಡಿದ್ದೇನೆ. ರಾಜ್ಯದಲ್ಲಿ 2008ರ ನವೆಂಬರ್‌ನಿಂದ, 108 ಸಂಖ್ಯೆಗೆ ಕರೆ ಮಾಡಿದರೆ ಬರುವ ಆಂಬ್ಯುಲೆನ್ಸ್‌ಗಳಿವೆ. ನಿಮ್ಮೂರಿಗೆ ಅದು ತಡವಾಗಿ ಬರುತ್ತಿದ್ದರೆ, ಕರೆ ಮಾಡಿದ ಹೊತ್ತು ಮತ್ತು ವಾಹನ ತಲುಪಿದ ಹೊತ್ತನ್ನು ಆರು ತಿಂಗಳು ಬರೆದಿಡಿ. ಆ ಪಟ್ಟಿಯೊಂದಿಗೆ ವಾಹನ ನಿಲ್ಲುವ ಜಾಗವನ್ನು ಬದಲಿಸಿಕೊಡಿ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು ಪಿಡಿಒ ಅವರ ಮಾತು. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅದರಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ, ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳನ್ನೂ ಸೇರಿಸಿ. ಜಗಳವಾಡದೆ ಇದನ್ನು ಅವರಿಗೆ ತೋರಿಸಿ.

ಹಣದ ವಿಷಯದಲ್ಲಿ ಯಾವ ಖರ್ಚು ಯಾರ ಜೇಬಿನದು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ವೈದ್ಯರು, ನರ್ಸ್‌ಗಳ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಗುತ್ತಿಗೆಯ ಮೇಲಿರುವವರಲ್ಲಿ ಹೆಚ್ಚಿನವರ ಸಂಬಳ ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು, ಅದರಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಔಷಧಿ ನಗದಾಗಿ ಬರುವುದಿಲ್ಲ, ಬೇಡಿಕೆ ಪಟ್ಟಿಗೆ ತಕ್ಕಂತೆ ಉಗ್ರಾಣದಿಂದ ಬರುತ್ತದೆ. ಸಣ್ಣಪುಟ್ಟ ರಿಪೇರಿ, ನೀರು, ಬೆಳಕು, ಪರದೆ, ತುರ್ತು ಔಷಧಿಗೆ, ಕೇಂದ್ರದ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ ವರ್ಷಕ್ಕೆ 1.75 ಲಕ್ಷ ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ನಿಮ್ಮ ವೈದ್ಯರು ‘ಬಂದಿಲ್ಲ’ ಎಂದದ್ದು ಬಹುಶಃ ಇದನ್ನು. ಅದಕ್ಕೊಂದು ಕಾರಣವಿರುತ್ತದೆ: ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಿರುವುದಿಲ್ಲ. ಸಮಿತಿಯ ಸಭೆ ಕೊನೆಯ ಸಲ ಯಾವಾಗ ನಡೆಯಿತು ಎಂದು ಮೆಲ್ಲಗೆ ಕೇಳಿ ನೋಡಿ.

ಪಂಚಾಯಿತಿಯದೇ ಹಣವೂ ಇದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ 40 ಅನಿರ್ಬಂಧಿತ, ಅಂದರೆ ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು. ಉಪಕೇಂದ್ರದ ಸೂರು, ಕಾಂಪೌಂಡು, ಕೊಳವೆಬಾವಿ ಸಂಪರ್ಕದಂಥವನ್ನು ಅದರಲ್ಲಿ ಮಾಡಬಹುದಿತ್ತು. ಸಂಬಳಕ್ಕೆ ಮತ್ತು ಕಚೇರಿ ವೆಚ್ಚಕ್ಕೆ ಮಾತ್ರ ಮುಟ್ಟುವಂತಿರಲಿಲ್ಲ. ಇದಲ್ಲದೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೇ ಎಂದು ದೇಶಕ್ಕೆಲ್ಲ 70,051 ಕೋಟಿ ರೂಪಾಯಿಯನ್ನು ಅದೇ ಆಯೋಗ ಶಿಫಾರಸು ಮಾಡಿತ್ತು. ನಿಮ್ಮ ತಾಲ್ಲೂಕಿನಲ್ಲಿ ಅದರಿಂದ ಏನು ಆಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಇದೆಲ್ಲಕ್ಕೂ ಮೊದಲು ನನಗೆ ಎರಡು ಉತ್ತರ ಬೇಕು. ತಾಲ್ಲೂಕು ಆಸ್ಪತ್ರೆ ಎಷ್ಟು ದೂರ? ಕಳೆದ ವರ್ಷ ನಿಮ್ಮ ವ್ಯಾಪ್ತಿಯ ಹೆಂಗಸರಿಗೆ ಹೆರಿಗೆ ಎಲ್ಲೆಲ್ಲಿ ಆಯಿತು? ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಎಲ್ಲವೂ ಇರುತ್ತದೆ, ಒಂದು ಮಧ್ಯಾಹ್ನ ಅವರ ಜೊತೆ ಕುಳಿತುಕೊಳ್ಳಿ.

ಪ್ರಶ್ನೆ (ಆಶಾ ಕಾರ್ಯಕರ್ತೆ): ಸರ್, ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10 ಸಾವಿರ ಎನ್ನುತ್ತಾರೆ. ನಮ್ಮ ಖಾತೆಗೆ ಹೋದ ವರ್ಷ ಬಂದದ್ದು 3 ಸಾವಿರ ಚಿಲ್ಲರೆ. ಮಧ್ಯೆ ಯಾರಾದರೂ ಹಿಡಿದುಕೊಂಡರೇ?

ಉತ್ತರ: ಯಾರೂ ಹಿಡಿದಿರಲಾರರು ತಾಯಿ. ನೀವು ಎಷ್ಟು ಖರ್ಚು ಮಾಡಿ ಲೆಕ್ಕ ಕೊಟ್ಟಿರೋ ಅಷ್ಟನ್ನೇ ಮತ್ತೆ ತುಂಬಿಸುವುದು ಪದ್ಧತಿ. ಅದರ ಹಿಂದಿನ ವರ್ಷದ ಪಾಸ್‌ಬುಕ್ ತೆಗೆದು ನೋಡಿ, ಏಳು ಸಾವಿರದಷ್ಟು ಹಾಗೆಯೇ ಉಳಿದಿರಬೇಕು. ಸಹಿ ಹಾಕಬೇಕಾದ ಸದಸ್ಯರು ಸಿಗದೆ ಮಾರ್ಚ್ ತಿಂಗಳಲ್ಲಿ ಫಿನಾಯಿಲ್, ಬ್ಲೀಚಿಂಗ್ ಪುಡಿಯ ರಸೀದಿ ಹೊಂದಿಸುವುದು ಎಲ್ಲ ಕಡೆಯ ಕಥೆ. ಈ ವರ್ಷ ಮಳೆಗಾಲಕ್ಕೆ ಮುಂಚೆಯೇ ಸಭೆ ಕರೆಯಿರಿ.

ಪ್ರಶ್ನೆ (ಫಾರ್ಮಸಿಸ್ಟ್, ಬೇರೆ ತಾಲ್ಲೂಕಿನಿಂದ): ಸರ್, ನಮ್ಮಲ್ಲಿ ರಕ್ತದೊತ್ತಡದ ಮಾತ್ರೆ ಪ್ರತಿ ವರ್ಷವೂ ನಾಲ್ಕು ತಿಂಗಳು ಇರುವುದಿಲ್ಲ. ಬೇಡಿಕೆ ಪಟ್ಟಿಯನ್ನು ಸಮಯಕ್ಕೆ ಸರಿಯಾಗಿಯೇ ಕಳುಹಿಸುತ್ತೇನೆ. ತಪ್ಪು ಎಲ್ಲಿ?

ಉತ್ತರ: ಬೇಡಿಕೆಯನ್ನು ಯಾವುದರ ಮೇಲೆ ಲೆಕ್ಕ ಹಾಕಿದಿರಿ? ‘ಕಳೆದ ವರ್ಷದ ಬಳಕೆ, ಅದರ ಮೇಲೆ ಶೇ 10’ ಎಂದರೆ ರೋಗ ಸಿಕ್ಕಿತು.

ಒಂದು ಉದಾಹರಣೆ ಹಿಡಿಯಿರಿ. ಒಂದು ಕೇಂದ್ರದಲ್ಲಿ ತಿಂಗಳಿಗೆ 20 ಸಾವಿರ ಮಾತ್ರೆ ಬೇಕು. ಎಂಟು ತಿಂಗಳು ಮಾತ್ರೆ ಇತ್ತು, 1.6 ಲಕ್ಷ ಖರ್ಚಾಯಿತು. ನಾಲ್ಕು ತಿಂಗಳು ಖಾಲಿ. ವರ್ಷದ ಕೊನೆಗೆ ಪುಸ್ತಕ ಏನು ಹೇಳುತ್ತದೆ? ಬಳಕೆ 1.6 ಲಕ್ಷ. ಶೇ 10 ಸೇರಿಸಿ 1.76 ಲಕ್ಷ ಕೇಳುತ್ತೀರಿ. ನಿಜವಾಗಿ ಬೇಕಾದದ್ದು 2.4 ಲಕ್ಷ. ಮುಂದಿನ ವರ್ಷವೂ ಒಂಬತ್ತನೆಯ ತಿಂಗಳು ನಡೆಯುತ್ತಿರುವಾಗಲೇ ಕಪಾಟು ಖಾಲಿಯಾಗುತ್ತದೆ. ಈ ವರ್ಷದ ಕೊರತೆಯೇ ಮುಂದಿನ ವರ್ಷದ ಕೊರತೆಗೆ ಆಧಾರವಾಗುತ್ತದೆ. ಆಶ್ಚರ್ಯವೆಂದರೆ ಎಲ್ಲರ ಕಾಗದವೂ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ಮಾತ್ರೆ ಇದ್ದ ತಿಂಗಳುಗಳ ಸರಾಸರಿಯನ್ನು ಹನ್ನೆರಡರಿಂದ ಗುಣಿಸಿ. ಅದಕ್ಕಿಂತ ಒಳ್ಳೆಯದು ರೋಗಿಗಳಿಂದ ಶುರು ಮಾಡುವುದು. ಮೂವತ್ತು ದಾಟಿದವರನ್ನು ಜನಸಂಖ್ಯೆಯ ಶೇ 37 ಎಂದು ತಪಾಸಣಾ ಕಾರ್ಯಕ್ರಮದಲ್ಲಿ ಲೆಕ್ಕ ಹಿಡಿಯುತ್ತಾರೆ. 24 ಸಾವಿರ ಜನರಿದ್ದಲ್ಲಿ ಅದು 8,880. ಇವರಲ್ಲಿ ತಪಾಸಣೆ ಆದವರೆಷ್ಟು, ಮಾತ್ರೆ ಶುರುವಾದವರೆಷ್ಟು, ತಿಂಗಳು ತಿಂಗಳು ಬಂದು ಒಯ್ಯುವವರೆಷ್ಟು ಎಂದು ಬರೆದುಕೊಳ್ಳಿ. 800 ಜನ ದಿನಕ್ಕೊಂದು ಮಾತ್ರೆ ನುಂಗಿದರೆ ತಿಂಗಳಿಗೆ 24 ಸಾವಿರ. ಬೇಡಿಕೆ ಪಟ್ಟಿಯ ಜೊತೆ ಈ ಲೆಕ್ಕವನ್ನೂ ಲಗತ್ತಿಸಿ. ಉಗ್ರಾಣದವರು ‘ಹೋದ ವರ್ಷಕ್ಕಿಂತ ಯಾಕಿಷ್ಟು ಜಾಸ್ತಿ’ ಎಂದು ಕೇಳಿಯೇ ಕೇಳುತ್ತಾರೆ.

ಮಾತ್ರೆ ಇಲ್ಲದ ದಿನ ಬಂದು ಬರಿಗೈಯಲ್ಲಿ ಹೋದವರ ಹೆಸರನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಯಾವ ತಂತ್ರಾಂಶದಲ್ಲೂ ಈ ಕಲಂ ಇಲ್ಲ, ಇರಬೇಕಿತ್ತು.

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ): ಕ್ಷಮಿಸಿ ಡಾಕ್ಟರೇ, ಲೆಕ್ಕ ಬರೆದು ಬೇಡಿಕೆ ಕಳುಹಿಸಿ ಎನ್ನುತ್ತೀರಿ. ತಾಲ್ಲೂಕು ಕಚೇರಿಯಲ್ಲಿ ಹಳೆಯ ವರ್ಷದ ಆರೋಗ್ಯ ಯೋಜನೆಗೆ ಹೊಸ ಇಸವಿ ಹಾಕಿ ಕಳುಹಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಹಳ್ಳಿಯವರ ಮಾತನ್ನು ಕೇಳುವವರು ಯಾರು?

ಉತ್ತರ: ಗೊತ್ತಿರುವವರಲ್ಲಿ ನಾನೂ ಒಬ್ಬ, ಏಕೆಂದರೆ ಒಂದು ವರ್ಷ ನಾನೇ ಹಾಗೆ ಮಾಡಿದ್ದೇನೆ. ಮೂರು ದಿನದಲ್ಲಿ ಕಳುಹಿಸಿ ಎಂದು ಮೇಲಿನಿಂದ ಫೋನ್ ಬಂತು. ಹಳೆಯ ಕಡತ ತೆಗೆದೆ, ಇಸವಿ ಬದಲಿಸಿದೆ, ಶೇ 10 ಏರಿಸಿದೆ, ಸಹಿ ಹಾಕಿದೆ. ಹರಾಜಾಗಿ ಹೋಗಿದ್ದ ಜೀಪಿನ ರಿಪೇರಿಗೂ ಅದರಲ್ಲಿ ಹಣ ಕೇಳಿದ್ದೆ ಎಂದು ಆಮೇಲೆ ಗುಮಾಸ್ತರು ತೋರಿಸಿದರು. ಆ ಜೀಪಿಗೆ ಮಂಜೂರಾತಿಯೂ ಬಂತು.

ಹಾಗೆಂದು ಸುಮ್ಮನಿರಬೇಕಿಲ್ಲ. ಯೋಜನೆ ಬರೆಯುವವನ ಮೇಜಿನ ಮೇಲೆ ಆ ಮೂರು ದಿನಗಳಲ್ಲಿ ಏನಿರುತ್ತದೋ ಅದು ಯೋಜನೆಯೊಳಗೆ ಹೋಗುತ್ತದೆ. ನಿಮ್ಮ ಅರ್ಜಿ ಅಂಕಿಗಳ ಸಮೇತ ಮೊದಲೇ ಅಲ್ಲಿ ಬಿದ್ದಿದ್ದರೆ ನನ್ನಂಥವನಿಗೂ ಅನುಕೂಲ, ಕೆಲಸ ಕಡಿಮೆ. ಪಂಚಾಯಿತಿ ಅಭಿವೃದ್ಧಿ ಯೋಜನೆಯ ಅಭಿಯಾನ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಆರೋಗ್ಯ ಅಭಿಯಾನದ ಕಾರ್ಯಕ್ರಮ ಯೋಜನೆ 2022–24ರಿಂದ ಎರಡು ವರ್ಷಕ್ಕೊಂದಾಗಿದೆ, ಆ ಬಸ್ಸು ತಪ್ಪಿದರೆ ಕಾಯುವುದು ದೀರ್ಘ. ಗ್ರಾಮಸಭೆಯಲ್ಲಿ ‘ಆಸ್ಪತ್ರೆ ಸುಧಾರಿಸಬೇಕು’ ಎಂದು ನಿರ್ಣಯ ಬರೆದರೆ ಅದನ್ನು ಯಾವ ಲೆಕ್ಕಶೀರ್ಷಿಕೆಗೂ ಹಾಕಲಾಗುವುದಿಲ್ಲ. ‘ರಾತ್ರಿ ಪಾಳಿಗೆ ಇಬ್ಬರು ನರ್ಸ್’ ಎಂದು ಬರೆದರೆ ಹಾಕಬಹುದು.

ಪಂಚಾಯಿತಿ ಸದಸ್ಯೆ (ಎರಡು ವಾರದ ನಂತರ): ಡಾಕ್ಟರೇ, ನೀವು ಹೇಳಿದಂತೆ ಆಶಾ ಕಾರ್ಯಕರ್ತೆಯರ ಜೊತೆ ಕುಳಿತೆವು. ಒಂದು ಮಧ್ಯಾಹ್ನ ಸಾಲಲಿಲ್ಲ, ಮೂರು ಬೇಕಾದವು. ತಾಲ್ಲೂಕು ಆಸ್ಪತ್ರೆ 38 ಕಿಲೋಮೀಟರ್, ರಾತ್ರಿ ಎಂಟರ ಮೇಲೆ ಬಸ್ಸಿಲ್ಲ. ಕಳೆದ ವರ್ಷ ಒಟ್ಟು 372 ಹೆರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ 210, ಖಾಸಗಿಯಲ್ಲಿ 96, ತವರಿಗೆ ಹೋಗಿ ಹೆತ್ತವರು 54, ಮನೆಯಲ್ಲೇ ಆದದ್ದು 8. ನಾಲ್ಕು ದಾರಿಯಲ್ಲಿ ಆಗಿವೆ. ಆ ನಾಲ್ಕೂ ರಾತ್ರಿಯ ಹೊತ್ತಿನವು. ಅದರಲ್ಲಿ ಒಂದು ನನ್ನ ವಾರ್ಡಿನದೇ, ನನಗೇ ಗೊತ್ತಿರಲಿಲ್ಲ.

ಉತ್ತರ: ಇಂಥ ಕಾಗದವನ್ನು ನನ್ನ ಸೇವಾವಧಿಯಲ್ಲಿ ಯಾವ ಪಂಚಾಯಿತಿಯೂ ನನಗೆ ಕೊಡಲಿಲ್ಲ.

ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ 16ರ ಆಸುಪಾಸು. 24 ಸಾವಿರಕ್ಕೆ ಸುಮಾರು 380 ಆಗಬೇಕು, ನಿಮಗೆ 372 ಸಿಕ್ಕಿದೆ. ಪುಸ್ತಕಗಳನ್ನು ನಂಬಬಹುದು. ತಾಲ್ಲೂಕು ಆಸ್ಪತ್ರೆ ಹತ್ತು ಕಿಲೋಮೀಟರಿನಲ್ಲಿದ್ದಿದ್ದರೆ ಹೆರಿಗೆ ಕೋಣೆಯನ್ನು ತೆರೆಯಬೇಡಿ ಎನ್ನುತ್ತಿದ್ದೆ. ತಿಂಗಳಿಗೆ ಎರಡು ಮೂರು ಹೆರಿಗೆ ಮಾಡಿಸುವ ಕಡೆ ನರ್ಸ್‌ಗಳ ಕೈ ಪಳಗುವುದಿಲ್ಲ, ರಕ್ತಸ್ರಾವವಾದಾಗ ಗಾಬರಿಯಾಗುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಹೆರಿಗೆ ಕೇಂದ್ರವೆಂದು ಪರಿಗಣಿಸಲು ತಿಂಗಳಿಗೆ ಹತ್ತಾದರೂ ಆಗಬೇಕು ಎಂಬ ಮಾನದಂಡವಿದೆ. ಒಂಬತ್ತು ತಿಂಗಳಲ್ಲಿ ಯಾವ ತೊಡಕೂ ಕಾಣದ ತಾಯಂದಿರಲ್ಲಿ ಅರ್ಧದಷ್ಟು ಜನ ನಿಮ್ಮಲ್ಲಿಗೆ ಬಂದರೂ ಹತ್ತು ದಾಟುತ್ತದೆ. ಹಿಂದಿನ ಹೆರಿಗೆ ಸಿಸೇರಿಯನ್ ಆದವರು, ರಕ್ತದೊತ್ತಡ ಹೆಚ್ಚಿರುವವರು, ತೀರ ರಕ್ತಹೀನತೆಯವರು ತಾಲ್ಲೂಕು ಆಸ್ಪತ್ರೆಗೇ ಹೋಗಲಿ, ಅದೂ ದಿನ ತುಂಬುವ ಮೊದಲೇ.

ಈಗ ಕೇಳಬೇಕಾದದ್ದು ಇನ್ನಿಬ್ಬರು ನರ್ಸ್‌ಗಳು ಮತ್ತು ರಾತ್ರಿಗೊಬ್ಬ ಸಹಾಯಕಿ. ಮೂವರಿದ್ದರೆ ಮೂರು ಪಾಳಿ ಹೇಗೋ ನಡೆಯುತ್ತದೆ. ಮೂರೂ ಪಂಚಾಯಿತಿಗಳು ಒಂದೇ ಒಕ್ಕಣೆಯ ನಿರ್ಣಯ ಮಾಡಿ ಈ 372ರ ಪಟ್ಟಿಯೊಂದಿಗೆ ಕಳುಹಿಸಲಿ. ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೂ ಕೊಡಿ.

ಪಂಚಾಯಿತಿ ಸದಸ್ಯೆ: ದಾನಿಗೆ ಏನು ಹೇಳಲಿ? ಆಂಬ್ಯುಲೆನ್ಸ್ ಬೇಡವೆಂದರೆ ಬೇಸರವಾಗುತ್ತದೆ. ಅವರಿಗೆ ತಂದೆಯ ಹೆಸರು ಕಾಣಬೇಕು.

ಉತ್ತರ: ಕಾಣಲಿ ಬಿಡಿ, ಅದರಲ್ಲಿ ತಪ್ಪೇನಿದೆ? ಆಸ್ಪತ್ರೆಯ ಹಿಂದೆ ಪಾಳುಬಿದ್ದ ವಸತಿಗೃಹ ಇರಲೇಬೇಕು. ನರ್ಸ್‌ಗಳು ಬಂದರೂ ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಅದು. ಮನೆ ಸೋರುತ್ತದೆ, ಬಚ್ಚಲಿಗೆ ಬಾಗಿಲಿಲ್ಲ, ರಾತ್ರಿ ಒಂಟಿ ಹೆಣ್ಣುಮಗಳು ಕತ್ತಲಲ್ಲಿ ನಡೆದು ಬರಬೇಕು. ಎರಡು ಮನೆ ದುರಸ್ತಿ, ಅಲ್ಲಿಂದ ಹೆರಿಗೆ ಕೋಣೆಯವರೆಗೆ ದೀಪ, ಹೆರಿಗೆ ಕೋಣೆಗೂ ಲಸಿಕೆ ಇಡುವ ಫ್ರಿಜ್ಜಿಗೂ ಸೌರ ವಿದ್ಯುತ್. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ನಿಮ್ಮಲ್ಲಿ ಕರೆಂಟು ಹೇಗಿದೆ ಎಂದು ನನಗೆ ಹೇಳಬೇಕಾಗಿಲ್ಲ. ಕೆಲಸಕ್ಕೆ ಮೊದಲು ಎಂಜಿನಿಯರಿಂದ ಅಂದಾಜುಪಟ್ಟಿ ಮಾಡಿಸಿ. ಹಣ ಯಾರ ಕೈಗೂ ಬೇಡ, ನೇರವಾಗಿ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ ಹೋಗಲಿ, ರಸೀದಿ ಕೊಡಿ. ಸೌರ ಬ್ಯಾಟರಿಯನ್ನು ಮುಂದೆ ಯಾರು ಬದಲಿಸಬೇಕು ಎಂಬುದನ್ನೂ ಈಗಲೇ ಬರೆದಿಡಿ. ಆಮೇಲೆ ಮನೆಯ ಗೋಡೆಗೆ ಅವರ ತಂದೆಯ ಹೆಸರಿನ ಕಲ್ಲು ಹಾಕಿಸಿ, ಸ್ವಲ್ಪ ದೊಡ್ಡದೇ ಇರಲಿ.

ಪಂಚಾಯಿತಿ ಸದಸ್ಯೆ: ಒಪ್ಪಿದರು ಡಾಕ್ಟರೇ! ಕಲ್ಲಿನ ಅಳತೆ ಕೇಳುತ್ತಿದ್ದಾರೆ. ಸೋಮವಾರ ನಾವೇ ನಾಲ್ಕು ಜನ ಸೇರಿ ಹೆರಿಗೆ ಕೋಣೆಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಬಿಡುತ್ತೇವೆ.

ಉತ್ತರ: ನಿಲ್ಲಿ ಅಮ್ಮಾ, ಒಂದು ಕುರ್ಚಿಯನ್ನೂ ಮುಟ್ಟಬೇಡಿ! ಮೊದಲು ದಾಸ್ತಾನು ಪುಸ್ತಕ ತೆಗೆಸಿ, ಸಮಿತಿಯಲ್ಲಿ ಅವು ಅನುಪಯುಕ್ತ ಎಂದು ನಿರ್ಣಯ ಮಾಡಿಸಿ, ಆಮೇಲೆ ಎಸೆಯಿರಿ. 12 ಲಕ್ಷದ ಬಗ್ಗೆ ಯಾರೂ ಕೇಳದಿದ್ದರೂ ಆ ಮುರುಕು ಕುರ್ಚಿಗಳ ಬಗ್ಗೆ ಲೆಕ್ಕಪರಿಶೋಧನೆಯವರು ಖಂಡಿತ ಕೇಳುತ್ತಾರೆ.