ಒಂದೇ ಸಲ ಊದಿಸಿದ ರೀಡಿಂಗ್ ಕೋರ್ಟಿನಲ್ಲಿ ಸಾಕಾಗುತ್ತದಾ?

ದಾರಿಹೋಕ ಕೇಳಿದ್ದು:
ನನ್ನ ತಮ್ಮನ ಮೇಲೆ ಕುಡಿದು ಗಾಡಿ ಓಡಿಸಿದ ಕೇಸ್ ಆಗಿದೆ. ಕುಡಿದಿದ್ದ, ಅದನ್ನು ಮುಚ್ಚಿಡುವುದಿಲ್ಲ. ಊಟದ ಜೊತೆ ಒಂದೇ ಬಿಯರ್ ಅನ್ನುತ್ತಾನೆ. ಆದರೆ ಹೊರಡುವಾಗ ವಾಸನೆ ಹೋಗಲಿ ಅಂತ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿದ್ದಾನೆ, ತಿರುವಿನಲ್ಲೇ ಪೊಲೀಸರು ನಿಲ್ಲಿಸಿ ಊದಿಸಿದ್ದಾರೆ. ಮಿತಿಗಿಂತ ಜಾಸ್ತಿ ಬಂತು. ಮತ್ತೆ ಊದಿಸಲಿಲ್ಲ. ರಕ್ತ ತೆಗೆದದ್ದು ಎರಡು ಗಂಟೆ ಆದ ಮೇಲೆ, ಅದರ ವರದಿ ಇನ್ನೂ ಬಂದಿಲ್ಲ. ಅಮಲಿನಲ್ಲಿದ್ದ ಅಂತ ಹೇಗೆ ಸಾಬೀತು ಮಾಡುತ್ತಾರೆ? ನಾವು ಏನು ಕೇಳಬಹುದು?

ಕರಿಕೋಟು:
ಮೊದಲು ಆರೋಪ ಯಾವುದು ಅಂತ ನೋಡಿ. ಬಹಳ ಕಡೆ ಕಾನೂನಿನಲ್ಲಿ ಎರಡು ದಾರಿ ಇವೆ. ಒಂದು, ರಕ್ತದಲ್ಲೋ ಉಸಿರಿನಲ್ಲೋ ಇಷ್ಟು ದಾಟಿದರೆ ಅಪರಾಧ, ಗಾಡಿ ನೆಟ್ಟಗೆ ಓಡಿಸುತ್ತಿದ್ದರೂ ಸರಿ. ಇನ್ನೊಂದು, ಗಾಡಿ ಓಡಿಸುವ ಸ್ಥಿತಿಯಲ್ಲೇ ಇರಲಿಲ್ಲ ಅನ್ನೋದು. ಎರಡನೆಯದಕ್ಕೆ ತೊದಲು ಮಾತು, ಗೆರೆ ಮೇಲೆ ನಡೆಸಿದ್ದು, ಒಂಟಿ ಕಾಲಲ್ಲಿ ನಿಲ್ಲಿಸಿದ್ದು ಇವೆಲ್ಲ ಸಾಕ್ಷಿ. ಬಾಯಿ ವಾಸನೆ ಬಂತು ಅಂದರೆ ಕುಡಿದಿದ್ದ ಅಂತ ಮಾತ್ರ, ಎಷ್ಟು ಅಂತ ಅಲ್ಲ. ಕಣ್ಣು ಕೆಂಪಗಿತ್ತು ಅಂತಲೂ ಬರೆಯುತ್ತಾರೆ, ನಿದ್ದೆಗೆಟ್ಟರೂ ಕೆಂಪಾಗುತ್ತದೆ ಅಲ್ವಾ? ಮುರಿದ ಮಂಡಿ ಇರುವವನು ಒಂಟಿ ಕಾಲಲ್ಲಿ ನಿಲ್ಲಲಾರ. ವಿಡಿಯೋ ಇದ್ದರೆ ಇವತ್ತೇ ಲಿಖಿತವಾಗಿ ಕೇಳಿ, ತಡ ಮಾಡಿದರೆ ಅಳಿಸಿಹೋಗಬಹುದು.

ಮೌತ್‌ವಾಶ್ ವಿಷಯ ಗಟ್ಟಿ ಅಂಶ. ಅದರಲ್ಲಿ ಆಲ್ಕೋಹಾಲ್ ಇದ್ದರೆ, ಬಾಯಲ್ಲಿ ಉಳಿದದ್ದರಿಂದಲೇ ರೀಡಿಂಗ್ ಏರುತ್ತದೆ. ಅದಕ್ಕೇ ಸುಮಾರು 15 ನಿಮಿಷ ಕಾದು, ಎರಡು ಸಲ ಊದಿಸಿ, ಎರಡೂ ಹತ್ತಿರ ಬಂದಿವೆಯಾ ನೋಡುವುದು ಒಳ್ಳೆಯ ಪದ್ಧತಿ.

ಲ್ಯಾಬಿನವನು:
ಉಸಿರಿನ ಮೆಷಿನ್ ರಕ್ತವನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತದೆ. ಒಂದು ಪಾಲು ರಕ್ತದಲ್ಲಿರುವಷ್ಟು ಆಲ್ಕೋಹಾಲ್ 2100 ಪಾಲು ಉಸಿರಿನಲ್ಲಿದೆ ಅಂತ ಎಷ್ಟೋ ಮೆಷಿನ್‌ಗಳ ಲೆಕ್ಕ. ಎಲ್ಲರ ದೇಹವೂ ಒಂದೇ ಥರ ಇರುವುದಿಲ್ಲ, ಜ್ವರ ಇದ್ದರೂ ರೀಡಿಂಗ್ ಜಾಸ್ತಿ ಬರುತ್ತದೆ. ಕ್ಯಾಲಿಬ್ರೇಷನ್, ಅಂದರೆ ಮೆಷಿನ್ ಸರಿಯಾಗಿ ಅಳೆಯುತ್ತದಾ ಅಂತ ನೋಡಿ ಹೊಂದಿಸುವುದು, ಕೊನೆಯ ಸಲ ಯಾವಾಗ ಮಾಡಿದ್ದು, ಆ ದಾಖಲೆ ಕೇಳಿ.

ರಕ್ತದಲ್ಲಿ ನಾನು ಮೊದಲು ನೋಡುವುದು ಬಾಟಲಿಯನ್ನೇ. ರಕ್ತ ಕೆಡದಂತೆ ಸೋಡಿಯಂ ಫ್ಲೋರೈಡ್ ಹಾಕಿದ್ದಾರಾ, ಚೆನ್ನಾಗಿ ಬೆರೆಸಿದ್ದಾರಾ, ತಣ್ಣಗೆ ಇಟ್ಟಿದ್ದಾರಾ? ಇಲ್ಲದಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಆಲ್ಕೋಹಾಲ್ ಹೊಸದಾಗಿ ಹುಟ್ಟಬಹುದು, ಇದ್ದದ್ದು ಕರಗಲೂಬಹುದು. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿದ್ದರೆ ಅದೂ ಪ್ರಶ್ನೆಯೇ. ಒಂದು ಸಲ ಲೇಬಲ್ ಮೇಲೆ 10.40, ಫಾರಂನಲ್ಲಿ 11.40 ಅಂತ ಬರೆದಿತ್ತು. ಒಂದು ಗಂಟೆ ಆಚೀಚೆ ಅಂದರೆ ಈ ಕೇಸುಗಳಲ್ಲಿ ಸಣ್ಣ ವಿಷಯವಲ್ಲ. ವರದಿಯ ಒಂದು ಸಾಲಿಗೆ ಸುಮ್ನಾಗಬೇಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿಯ (ರಕ್ತದಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ಅಳೆಯುವ ಲ್ಯಾಬ್ ಪರೀಕ್ಷೆ) ಗ್ರಾಫ್ ಕೇಳಿ.

ಮಳೆಬಿಲ್ಲು:
ಎರಡು ಗಂಟೆ ತಡವಾಯಿತು ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ದೇಹ ಗಂಟೆಗೆ ಸಾಮಾನ್ಯವಾಗಿ 100 ಮಿಲಿ ರಕ್ತಕ್ಕೆ 10ರಿಂದ 25 ಮಿಲಿಗ್ರಾಂ ಕಳೆಯುತ್ತದೆ. ವರದಿಯಲ್ಲಿ 40 ಬಂದರೆ, ಓಡಿಸುವಾಗ 60ರಿಂದ 90 ಇತ್ತು ಅಂತ ತಜ್ಞರು ಹಿಂದಕ್ಕೆ ಲೆಕ್ಕ ಹಾಕಬಹುದು. ಆದರೆ ಕುಡಿದದ್ದೆಲ್ಲ ಅಷ್ಟರಲ್ಲಿ ರಕ್ತಕ್ಕೆ ಸೇರಿದ್ದರೆ ಮಾತ್ರ ಆ ಲೆಕ್ಕ ಸರಿ. ಹೊಟ್ಟೆ ತುಂಬ ಊಟ ಮಾಡಿ ಆಗಷ್ಟೇ ಕುಡಿದು ಹೊರಟಿದ್ದರೆ ಓಡಿಸುವಾಗ ಇನ್ನೂ ಏರುತ್ತಿತ್ತು ಅಂತ ವಾದಿಸಬಹುದು. ಅದಕ್ಕೆ ಕೊನೆಯ ಗುಟುಕಿನ ಸಮಯ ಬೇಕು.

ಇದೆಲ್ಲ ನನಗೆ ಯಾಕೆ ಗೊತ್ತು ಅಂದರೆ, ಕುಡಿದು ಓಡಿಸಿದವನ ಗಾಡಿಗೆ ಸಿಕ್ಕಿ ನನ್ನ ಅಕ್ಕ ಕಾಲು ಕಳೆದುಕೊಂಡಳು. ರಕ್ತದ ಬಾಟಲಿ ಮೂರು ದಿನ ಯಾರ ಹತ್ತಿರ ಇತ್ತು ಅಂತ ಹೇಳುವವರೇ ಇರಲಿಲ್ಲ, ಕೇಸ್ ಬಿದ್ದುಹೋಯಿತು. ಅವತ್ತು ಆ ವಕೀಲರ ಮೇಲೆ ಸಿಟ್ಟು ಬಂದಿತ್ತು. ಈಗ ಬಾಟಲಿ ಸರಿಯಾಗಿ ಇಡದವರ ಮೇಲೆ ಬರುತ್ತದೆ.

ದಾರಿಹೋಕ:
ಎಲ್ಲರಿಗೂ ಥ್ಯಾಂಕ್ಸ್. ಮಳೆಬಿಲ್ಲು, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಕೊನೆಯ ಗುಟುಕಿನ ಸಮಯ ಗೊತ್ತಾಗಲಿ ಅಂತ ಹೋಟೆಲ್ ಬಿಲ್ ಹುಡುಕಿಸಿದೆ. ಬಿಲ್ಲಿನಲ್ಲಿ ಮೂರು ಬಿಯರ್ ಇವೆ, ಅವನು ಹೋಗಿದ್ದು ಒಬ್ಬನೇ. ನಾಳೆ ವಕೀಲರಿಗೆ ಮೌತ್‌ವಾಶ್ ವಿಷಯ ಹೇಳುತ್ತೇನೆ, ಬಿಲ್ಲನ್ನೂ ತೋರಿಸುತ್ತೇನೆ. ಸದ್ಯಕ್ಕೆ ಗಾಡಿ ಕೀ ನನ್ನ ಹತ್ತಿರ ಇದೆ.